ಬಿಲ್ಲೆ ಹಿಡಿದು ಕೆಜಿಎಫ್‌ಗೆ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯಲ್ಲಿ ಒಂದು ಹಿತ್ತಾಳೆ ಬಿಲ್ಲೆ ಇದೆ. ಮೇಲೊಂದು ತೂತು, ಕೆಳಗೆ ನಾಲ್ಕಂಕಿಯ ನಂಬರು. ಹೋದ ಬೇಸಿಗೆ ರಜೆಯಲ್ಲಿ ನನ್ನ ಮಗಳು ಅದನ್ನು ಹುಣಸೆಹಣ್ಣು ಹಾಕಿ ಉಜ್ಜಿದಳು. ಕಪ್ಪೆಲ್ಲ ಹೋಗಿ ನಂಬರು ಫಳಫಳ ಹೊಳೆಯಿತು. "ಇದು ಯಾರದಮ್ಮಾ?" ಎಂದಳು.

ನಮ್ಮ ತಾತನದು. ನಮ್ಮಮ್ಮನ ಅಪ್ಪ. ಕೋಲಾರದ ಚಿನ್ನದ ಗಣಿಯಲ್ಲಿ, ಅಂದರೆ ಕೆಜಿಎಫ್‌ನಲ್ಲಿ, ಟಿಂಬರ್ ಕೆಲಸ ಅವರಿಗೆ. ಸುರಂಗ ಕುಸಿಯದ ಹಾಗೆ ಮರದ ದಿಮ್ಮಿ ಕೊಟ್ಟು ನಿಲ್ಲಿಸುವುದು. ಕೆಳಗೆ ಇಳಿದವರು ಎಷ್ಟು, ಹತ್ತಿ ಬಂದವರು ಎಷ್ಟು ಅಂತ ಈ ಬಿಲ್ಲೆಯಿಂದಲೇ ಲೆಕ್ಕ. ಕೆಲಸ ಬಿಟ್ಟಾಗ ಅದೊಂದು ಮನೆಗೆ ಬಂತು.

ಸರಿ, ಮಗಳನ್ನೂ ಅಮ್ಮನನ್ನೂ ಕರ್ಕೊಂಡು ಹೊರಟೆ. ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದೆವು. ಕೋರಮಂಡಲ್, ಊರಿಗಾಂ, ಚಾಂಪಿಯನ್. ಒಂದೊಂದು ಸ್ಟೇಷನ್ ಬಂದಾಗಲೂ ಅಮ್ಮ ಕಿಟಕಿಗೆ ಇನ್ನಷ್ಟು ಹತ್ತಿರ ಸರಿಯುತ್ತಿದ್ದರು.

ಬ್ರಿಟಿಷರ ಕಾಲದ ಜಾಗ ಅಂದರೆ ನಾವು ಸಾಮಾನ್ಯವಾಗಿ ಬಂಗಲೆ ನೋಡುತ್ತೇವೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಎಸ್ಟೇಟಿಗೆ ಹೋದರೂ ಅಷ್ಟೇ. ದೊರೆ ಮಲಗಿದ ಮಂಚ, ಕೂತ ಕುರ್ಚಿ ನೋಡಿ ಫೋಟೋ ತೆಗೆದು ಬರುತ್ತೇವೆ. ಕೂಲಿಯವರ ಲೈನ್, ಅಂದರೆ ಸಾಲುಮನೆಗಳ ಕಡೆ ಯಾರೂ ಹೋಗುವುದಿಲ್ಲ. ಕೆಜಿಎಫ್‌ನಲ್ಲೂ ದಿಬ್ಬದ ಮೇಲೆ ಚೆಂದದ ಬಂಗಲೆಗಳಿವೆ. ಅದಕ್ಕೇ ಇದನ್ನು ಪುಟ್ಟ ಇಂಗ್ಲೆಂಡ್ ಅಂತಿದ್ದರು. ನೋಡಲಿ, ಬೇಡ ಅನ್ನಲ್ಲ. ಆದರೆ ಮಗಳಿಗೆ ಮೊದಲು ತೋರಿಸಬೇಕಾದ್ದು ಅದಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸಿತ್ತು.

ಜಾನ್ ಟೇಲರ್ ಎಂಬ ಬ್ರಿಟಿಷ್ ಕಂಪನಿ ಇಲ್ಲಿ ಕೆಲಸ ಶುರು ಮಾಡಿದ್ದು 1880ರ ಹೊತ್ತಿಗೆ. ಶಿವನಸಮುದ್ರದ ಕರೆಂಟು 1902ರಲ್ಲೇ ಇಲ್ಲಿಗೆ ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಇದನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ ಅಲ್ವಾ? ಆ ಕರೆಂಟು ತರಿಸಿದ್ದು ಗಣಿಯ ಯಂತ್ರಗಳಿಗೆ. ಯಂತ್ರದ ಹಿಂದೆಯೇ ಮನುಷ್ಯರೂ ಇನ್ನೂ ಆಳಕ್ಕೆ ಇಳಿದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಜಾಸ್ತಿ ಆಳ. ನಂದಿಬೆಟ್ಟವನ್ನು ತಲೆಕೆಳಗು ಮಾಡಿ ಇಟ್ಟರೂ ತಳ ಮುಟ್ಟುವುದಿಲ್ಲ. ಅಲ್ಲಿ ಬಂಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಒತ್ತಡ ತಾಳದೆ ಬಂಡೆ ಸಿಡಿಯುತ್ತಿತ್ತು. ಕಲ್ಲಿನ ಧೂಳು ಎದೆಗೆ ಹೋಗಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತಿತ್ತು.

ಬಂದವರು ಬಹಳಷ್ಟು ಜನ ಉತ್ತರ ಆರ್ಕಾಟು, ಚಿತ್ತೂರಿನ ಕಡೆಯ ಬಡವರು. ದಲಿತರೇ ಜಾಸ್ತಿ. ಸುಮ್ನೆ ತಲೆ ಬಗ್ಗಿಸಿ ದುಡಿದವರಲ್ಲ ಅವರು. 1930ರಲ್ಲಿ ಎಲ್ಲರ ಬೆರಳಚ್ಚು ತೆಗೆಯಲು ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಇದನ್ನು ಮಗಳಿಗೆ ಎರಡು ಸಲ ಹೇಳಿದೆ. ಅವಳು ಜೇಬಿನಿಂದ ಬಿಲ್ಲೆ ತೆಗೆದು ಇನ್ನೊಮ್ಮೆ ನೋಡಿದಳು.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಈಗ ಶಾಫ್ಟ್, ಅಂದರೆ ಗಣಿಗೆ ಇಳಿಯುವ ಬಾವಿಯ ಹತ್ತಿರ ಸುಳಿಯಬೇಡಿ, ಅಪಾಯ. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿಗಳಾದ ಸೈನೈಡ್ ದಿಬ್ಬಗಳನ್ನು ದೂರದಿಂದ ನೋಡಿ. ಗಾಳಿ ಬೀಸಿದಾಗ ಅದರ ಸಣ್ಣ ಮಣ್ಣು ಊರ ಮೇಲೆಲ್ಲ ಹಾರುತ್ತದೆ. ಅಲ್ಲಿ ಇವತ್ತಿಗೂ ಜನ ಬದುಕುತ್ತಿದ್ದಾರೆ. ಬೆಳಿಗ್ಗೆ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಲೈನ್ ಮನೆ ನೋಡಬೇಕಾದರೆ ಬಾಗಿಲಲ್ಲಿ ನಿಂತು ಕೇಳಿ.

ನಾವೂ ಹಾಗೇ ಕೇಳಿದೆವು. ಅಮ್ಮ ಹುಟ್ಟಿದ ಮನೆಯಲ್ಲಿ ಈಗ ಬೇರೆಯವರಿದ್ದಾರೆ. "ಬನ್ನಿ ಅಕ್ಕಾ" ಅಂತ ಒಳಗೆ ಕರೆದು ಟೀ ಕೊಟ್ಟರು. ಮಗಳು ಗೋಡೆಯಿಂದ ಗೋಡೆಗೆ ಪಾದ ಜೋಡಿಸಿ ಅಳೆದಳು. ಬೇಗ ಮುಗಿದುಹೋಯಿತು.

"ಅಜ್ಜಿ, ಇಲ್ಲಿ ಎಷ್ಟು ಜನ ಮಲಗ್ತಿದ್ರಿ?"

ಅಮ್ಮ ಬೆರಳು ಮಡಿಚಿ ಎಣಿಸಿದರು. "ಏಳು ಜನ ಕಣೇ. ನಮ್ಮಪ್ಪಂಗೆ ನೈಟ್ ಶಿಫ್ಟ್ ಇದ್ರೆ ಆರು."