ಮೋಡ ಬೇಕು, ಮಳೆ ಬೇಡ: ಬ್ರಹ್ಮಪುರದ ಹಳೆಯ ಮನೆಯ ದುರಸ್ತಿ

ಈ ವಿಡಿಯೊದ ದೃಶ್ಯ ಇಷ್ಟು ಮಂಕಾಗಿ ಕಾಣುತ್ತಿರುವುದಕ್ಕೆ ಕ್ಯಾಮೆರಾವನ್ನು ದೂರಬೇಡಿ, ಇದು ಕಲಬುರಗಿಯ ಸೆಪ್ಟೆಂಬರ್. ಬಿಸಿಲಿಗೆ ಹೆಸರಾದ ನಮ್ಮ ಊರಿನಲ್ಲಿ ವರ್ಷದ ಅತಿ ಹೆಚ್ಚು ಮಳೆ ಬೀಳುವುದು ಈ ತಿಂಗಳಿನಲ್ಲಿ, ಮತ್ತು ಇಲ್ಲಿಯ ಬ್ರಹ್ಮಪುರ ಬಡಾವಣೆಯಲ್ಲಿರುವ ನಮ್ಮ ಅಜ್ಜನ ಕಾಲದ ಮನೆಯ ದುರಸ್ತಿಗೆ ಗುತ್ತೇದಾರರಿಗೆ ಬಿಡುವು ದೊರೆತದ್ದೂ ಇದೇ ತಿಂಗಳಿನಲ್ಲಿ. ಬೇಸಿಗೆಯಲ್ಲಿ ಅವರಿಗೆ ಹೊಸ ಕಟ್ಟಡಗಳ ಕೆಲಸ ಮೈತುಂಬ ಇರುತ್ತದೆ. ಆಗ ಹಳೆಯ ಮನೆಯ ಗೋಡೆ ಕೆರೆಯುವ ಕೆಲಸಕ್ಕೆ ಗೌಂಡಿಗಳು, ಅಂದರೆ ಗಾರೆ ಕೆಲಸದವರು, ಸಿಗುವುದಿಲ್ಲ. ಮಳೆಗಾಲದಲ್ಲಿ ಮನೆಯ ಕೆಲಸ ಹಿಡಿಯುವುದು ಅವಿವೇಕವೆಂದು ನಮ್ಮ ಓಣಿಯಲ್ಲಿ ಹೇಳದವರಿಲ್ಲ, ನಾನೂ ಅದನ್ನು ಒಪ್ಪುತ್ತೇನೆ.

ಸಾಮಾನು ಹೊರಗೆ ಸಾಗಿಸಿದ್ದು, ಪಡಸಾಲೆಗೆ ತಾಡಪತ್ರಿ ಹೊದಿಸಿದ್ದು ನಿಮ್ಮ ಕಣ್ಣೆದುರಿಗೇ ಇದೆ, ಅದನ್ನು ವಿವರಿಸುವುದಿಲ್ಲ. ಮೇಲೆ ನೋಡಿ, ಇದು ಮಾಳಿಗೆ. ಅಡ್ಡಲಾಗಿ ದಪ್ಪ ತೊಲೆಗಳು, ಅವುಗಳ ಮೇಲೆ ಸಾಲಾಗಿ ಜಂತಿಗಳು, ಜಂತಿಗಳ ಮೇಲೆ ಹಲಗೆ, ಹಲಗೆಯ ಮೇಲೆ ಒಂದು ಅಡಿಗಿಂತ ಹೆಚ್ಚು ಮಣ್ಣು, ಎಲ್ಲಕ್ಕೂ ಮೇಲೆ ನೀರನ್ನು ಸುಲಭಕ್ಕೆ ಒಳಗೆ ಬಿಡದ ಕರಲು ಮಣ್ಣಿನ ಮೇಲ್ಮುದ್ದೆ. ಮಳೆ ಕಡಿಮೆ ಇದ್ದು, ಬೇಸಿಗೆಯ ಬಿಸಿಲು ನಲವತ್ತು ಡಿಗ್ರಿ ದಾಟುವ ಸೀಮೆಗೆ ಇದಕ್ಕಿಂತ ತಕ್ಕ ಚಾವಣಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಪ್ರತಿ ವರ್ಷ ಮುಂಗಾರಿಗೆ ಮೊದಲು ಮೇಲ್ಮುದ್ದೆಯನ್ನು ಸರಿಪಡಿಸುವವರು ಮನೆಯಲ್ಲಿರಬೇಕು. ನಮ್ಮ ಮನೆಗೆ ಬಹಳ ಕಾಲ ಬೀಗ ಬಿದ್ದಿತ್ತು. ಮಾಳಿಗೆಯ ನೀರನ್ನು ಹೊರಗೆ ಚೆಲ್ಲುವ ಕಲ್ಲಿನ ದೋಣಿಯ ಬಾಯಿಗೆ ಅರಳಿಯ ಸಸಿ ಬೇರುಬಿಟ್ಟು, ನೀರು ಅಲ್ಲಿಯೇ ನಿಂತು, ಮೂಲೆಯ ಗೋಡೆಯೊಳಗೆ ಇಳಿದಿದೆ. ಈ ಸಂಗತಿ ಬೇಸಿಗೆಯಲ್ಲಿ ಕಾಣುತ್ತಿರಲಿಲ್ಲ. ಮೊನ್ನೆಯ ಜಿಟಿಜಿಟಿ ಮಳೆಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಯಾವ ಜಂತಿಯ ಪಕ್ಕದಲ್ಲಿ ಒಳಗೆ ಇಳಿಯುತ್ತದೆ ಎಂಬುದನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿಕೊಂಡೆವು. ಆದ್ದರಿಂದ ಈಗಷ್ಟೇ ಹೇಳಿದ ಮಾತನ್ನು ತುಸು ಬದಲಿಸುತ್ತೇನೆ: ಹಳೆಯ ಮನೆಯ ರೋಗವನ್ನು ತಿಳಿಯಲು ಮಳೆಗಾಲವೇ ಸರಿ, ಅದಕ್ಕೆ ಮದ್ದು ಹಾಕುವುದಕ್ಕೆ ಮಾತ್ರ ಅದು ಕೆಟ್ಟ ಕಾಲ.

ಈಗ ಹೊರಗೋಡೆ. ಸುತ್ತಿಗೆಯ ಹಿಡಿಕೆಯಿಂದ ತಟ್ಟಿದಾಗ ಬರುತ್ತಿರುವ ಪೊಳ್ಳು ಸದ್ದನ್ನು ಕೇಳಿಸಿಕೊಳ್ಳಿ. ಒಳಗಿರುವುದು ಶಹಾಬಾದ್ ಕಲ್ಲಿನ ಎರಡು ಅಡಿ ದಪ್ಪದ ಗೋಡೆ. ಕಲ್ಲುಗಳ ನಡುವೆ ಕೆಸರು, ಸಂದಿಗಳಿಗೆ ಸುಣ್ಣದ ಗಚ್ಚು. ಯಾವುದೋ ಒಂದು ದುರಸ್ತಿಯಲ್ಲಿ ಇದರ ಹೊರಮೈಗೆ ದಪ್ಪವಾಗಿ ಸಿಮೆಂಟಿನ ಗಿಲಾವು, ಅಂದರೆ ಪ್ಲಾಸ್ಟರು, ಬಡಿದಿದ್ದಾರೆ. ನೋಡಲು ಗಟ್ಟಿಯಾಗಿದೆ, ಆದರೆ ಅದರಲ್ಲಿ ಕೂದಲೆಳೆಯಂತಹ ಬಿರುಕುಗಳಿವೆ. ಬಿರುಕಿನಿಂದ ಒಳಗೆ ಹೋದ ಮಳೆನೀರು ಮತ್ತೆ ಆವಿಯಾಗಿ ಹೊರಗೆ ಬರಲು ಸಿಮೆಂಟು ಬಿಡುವುದಿಲ್ಲ; ಆ ನೀರು ಕೆಸರನ್ನು ಮೆತ್ತಗೆ ಮಾಡಿ, ಕಲ್ಲಿನಲ್ಲಿರುವ ಉಪ್ಪನ್ನು ಹೊತ್ತುಕೊಂಡು ಮನೆಯ ಒಳಮೈಗೆ ಬರುತ್ತದೆ. ಪಡಸಾಲೆಯ ಗೋಡೆಯ ಕೆಳಭಾಗದಲ್ಲಿ ಬಿಳಿಯ ಪುಡಿಯಂತೆ ಉದುರುತ್ತಿರುವುದು ಆ ಉಪ್ಪು. ಹಿರಿಯ ಗೌಂಡಿ ಕಾಕಾ ಇದನ್ನು ಒಂದೇ ಮಾತಿನಲ್ಲಿ ಮುಗಿಸಿದರು: “ಹೊರಗ ಸಿಮಿಟ್ ಬಡದಾರವ್ವಾ, ನೀರು ಒಳಗ ಬರ್ಲಾರ್ದ ಮತ್ತ ಎಲ್ಲಿಗಿ ಹೋಗಬೇಕು?”

ವಿಚಿತ್ರವೆಂದರೆ ಈ ಗೋಡೆಯ ಕಲ್ಲು ಮತ್ತು ಅದನ್ನು ಕೆಡಿಸಿದ ಸಿಮೆಂಟು ಒಂದೇ ನೆಲದ ಮಕ್ಕಳು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ವಾಡಿ, ಸೇಡಂ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ, ಈ ಊರುಗಳ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದು ಇದೇ ಸುಣ್ಣದ ಕಲ್ಲಿನ ನಿಕ್ಷೇಪದ ಮೇಲೆ. ಕಲ್ಲನ್ನು ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟರೆ ಸುಣ್ಣವಾಗುತ್ತದೆ, ಜೇಡಿಯೊಡನೆ ಬೆರೆಸಿ ಸುಮಾರು 1450 ಡಿಗ್ರಿಯಲ್ಲಿ ಸುಟ್ಟು ನುಣ್ಣಗೆ ಅರೆದರೆ ಸಿಮೆಂಟಾಗುತ್ತದೆ. ಸಿಮೆಂಟಿನ ಮೇಲೆ ನನಗೆ ದ್ವೇಷವಿಲ್ಲ, ಈ ಜಿಲ್ಲೆಯ ಎಷ್ಟೋ ಮನೆಗಳ ಒಲೆ ಅದರಿಂದ ಉರಿಯುತ್ತದೆ. ಆದರೆ ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿಯನ್ನು 1367ರಲ್ಲಿ ಕಟ್ಟಿದವರ ಬಳಿ ಸಿಮೆಂಟು ಇರಲಿಲ್ಲ; ಅಂಗಳವನ್ನು ತೆರೆದು ಬಿಡದೆ, ಇಡೀ ಕಟ್ಟಡವನ್ನು ಗುಮ್ಮಟಗಳಿಂದ ಮುಚ್ಚಿ ನಿಲ್ಲಿಸಿದ್ದಾರೆ. ಅಲ್ಲಿಯ ಕಮಾನುಗಳ ಬಗ್ಗೆ ಹೇಳಲು ಬಹಳವಿದೆ, ಆದರೆ ದೃಶ್ಯ ಮುಗಿಯುತ್ತಿದೆ, ಟಿಪ್ಪರು ಬಂದಿದೆ.

ಈ ಟಿಪ್ಪರಿನ ಬಗ್ಗೆ ಸ್ವಲ್ಪ ಹೆಚ್ಚು ಮಾತನಾಡುತ್ತೇನೆ, ಸಹಿಸಿಕೊಳ್ಳಿ. ನಮ್ಮ ಕಡೆ ಉಸುಕು ಮಾರುವುದು ಬ್ರಾಸಿನ ಲೆಕ್ಕದಲ್ಲಿ. ಒಂದು ಬ್ರಾಸ್ ಎಂದರೆ ನೂರು ಘನ ಅಡಿ. ಟಿಪ್ಪರಿನ ಡಬ್ಬಿಯ ಉದ್ದ, ಅಗಲ, ಎತ್ತರಗಳನ್ನು ಅಡಿಯಲ್ಲಿ ಅಳೆದು, ಗುಣಿಸಿ, ನೂರರಿಂದ ಭಾಗಿಸಿದರೆ ಬ್ರಾಸ್ ಸಿಗುತ್ತದೆ. ಹತ್ತು ಅಡಿ ಉದ್ದ, ಐದು ಅಡಿ ಅಗಲ, ನಾಲ್ಕು ಅಡಿ ಎತ್ತರ: ಎರಡು ಬ್ರಾಸ್. ಟೇಪು ಹಿಡಿದು ನಾನೇ ಅಳೆದಿದ್ದೇನೆ, ಅಳತೆಯಲ್ಲಿ ಒಂದು ಅಂಗುಲವೂ ಕಡಿಮೆಯಿರಲಿಲ್ಲ. ಮಳೆಗಾಲದಲ್ಲಿ ನದಿ ತುಂಬಿ ಉಸುಕು ತೆಗೆಯುವುದು ನಿಲ್ಲುವುದರಿಂದ ದರ ಏರಿತ್ತು. ಬ್ರಾಸಿಗೆ ಆರು ಸಾವಿರದಂತೆ ಹನ್ನೆರಡು ಸಾವಿರ ರೂಪಾಯಿ ಕೊಟ್ಟಾಯಿತು. ತಕರಾರು ಇರುವುದು ಅಳತೆಯಲ್ಲಲ್ಲ, ತೇವದಲ್ಲಿ. ಉಸುಕು ತುಸು ಒದ್ದೆಯಾದಾಗ ಪ್ರತಿ ಕಣದ ಸುತ್ತ ನೀರಿನ ತೆಳು ಪೊರೆ ಕೂತು, ಕಣಗಳನ್ನು ಒಂದರಿಂದೊಂದು ದೂರ ಸರಿಸುತ್ತದೆ, ರಾಶಿ ಉಬ್ಬುತ್ತದೆ. ತೂಕದಲ್ಲಿ ನೂರಕ್ಕೆ ನಾಲ್ಕರಿಂದ ಆರು ಪಾಲು ತೇವವಿದ್ದಾಗ ಈ ಉಬ್ಬು ಅತಿ ಹೆಚ್ಚು. ಸಣ್ಣ ಉಸುಕಾದರೆ ಗಾತ್ರ ಮೂವತ್ತು ಪ್ರತಿಶತಕ್ಕಿಂತಲೂ ಮೇಲೆ ಹೋಗಬಹುದು. ಪೂರ್ತಿ ನೀರಿನಲ್ಲಿ ಮುಳುಗಿದ ಉಸುಕು ಮಾತ್ರ ಮತ್ತೆ ಒಣ ಉಸುಕಿನ ಗಾತ್ರಕ್ಕೇ ಇಳಿಯುತ್ತದೆ. ಜಿಟಿಜಿಟಿ ಮಳೆಯಲ್ಲಿ ನೆನೆದ ರಾಶಿ ಮಾರುವವನಿಗೆ ಲಾಭದ ರಾಶಿ.

ಕೆಳಗೆ ಕಾಣುತ್ತಿರುವ ಗಾಜಿನ ಡಬ್ಬಿಯಲ್ಲಿ ಅದನ್ನೇ ಪರೀಕ್ಷಿಸಿದೆ. ಒದ್ದೆ ಉಸುಕನ್ನು ಒತ್ತದೆ, ಸಡಿಲವಾಗಿ ಇಪ್ಪತ್ತು ಸೆಂಟಿಮೀಟರಿನವರೆಗೆ ತುಂಬಿ, ಅದನ್ನು ಹೊರಗೆ ತೆಗೆದು, ಡಬ್ಬಿಗೆ ಅರ್ಧ ನೀರು ಹಾಕಿ, ಅದೇ ಉಸುಕನ್ನು ಮತ್ತೆ ಸುರಿದು ಕಡ್ಡಿಯಿಂದ ಕಲಕಿದಾಗ ಮಟ್ಟ ಹದಿನಾರಕ್ಕೆ ಇಳಿಯಿತು. ಅಂದರೆ ಹದಿನಾರು ಪಾಲು ಉಸುಕಿಗೆ ನಾಲ್ಕು ಪಾಲು ಬರೀ ಉಬ್ಬು, ಇಪ್ಪತ್ತೈದು ಪ್ರತಿಶತ. ಎರಡು ಬ್ರಾಸಿನ ಇನ್ನೂರು ಘನ ಅಡಿಯಲ್ಲಿ ನಿಜವಾದ ಉಸುಕು ನೂರ ಅರವತ್ತು. ಉಳಿದ ನಲವತ್ತು ಘನ ಅಡಿ ಗಾಳಿಗೆ ನಾನು ಎರಡು ಸಾವಿರದ ನಾನೂರು ರೂಪಾಯಿ ತೆತ್ತಿದ್ದೇನೆ. ಮಾರಿದವರಿಗೆ ಡಬ್ಬಿ ತೋರಿಸಿದೆ. ಮಳೆ ಸುರಿಸುವವರು ತಾವಲ್ಲ ಎಂದು ನಕ್ಕರು. ನಗುವ ಮಾತು ಇದಲ್ಲ. ಕೂಲಿ ಮಾಡಿ ಒಂದು ಕೋಣೆ ಕಟ್ಟಿಸುವ ಮನುಷ್ಯನಿಗೆ ಈ ನಲವತ್ತು ಘನ ಅಡಿ ಬಹಳ ದೊಡ್ಡದು, ಮತ್ತು ಅವನ ಕೈಗೆ ಗಾಜಿನ ಡಬ್ಬಿ ಕೊಟ್ಟು ಹೀಗೆ ನೋಡು ಎಂದು ಯಾರೂ ಹೇಳಿರುವುದಿಲ್ಲ. ಹಣ ಹೋದದ್ದಷ್ಟೇ ಅಲ್ಲ, ಪಾಕವೂ ಕೆಡುತ್ತದೆ. ಬುಟ್ಟಿಯ ಲೆಕ್ಕದಲ್ಲಿ ಒಂದು ಸಿಮೆಂಟಿಗೆ ನಾಲ್ಕು ಉಸುಕು ಬೆರೆಸಿದೆವು ಎಂದುಕೊಂಡರೆ ಒಳಗೆ ಬಿದ್ದಿರುವುದು ಮೂರು ಬುಟ್ಟಿಯ ಮೇಲೆ ಸ್ವಲ್ಪ ಮಾತ್ರ. ಸಿಮೆಂಟು ಹೆಚ್ಚಾಗಿ, ಒಣಗುವಾಗ ಗಿಲಾವು ಬಿರುಕು ಬಿಡುತ್ತದೆ. ನಮ್ಮ ಗುತ್ತೇದಾರರು ಈಗ ಬುಟ್ಟಿಯನ್ನು ತುಸು ಮೇಲೇರಿಸಿ ತುಂಬಿಸುತ್ತಿದ್ದಾರೆ. ಒಪ್ಪಂದ ಮಾಡಿಕೊಳ್ಳುವಾಗಲೇ ಉಬ್ಬನ್ನು ಕಳೆದು ಹಣ ಕೊಡುವುದಾಗಿ ಮಾತಾಡಿಕೊಳ್ಳಿ. ಒಪ್ಪದವರಿದ್ದರೆ ಬೇರೆಯವರ ಬಳಿ ಹೋಗಿ.

ಒಳಗೆ ಬರೋಣ. ಸುಣ್ಣದ ಗಿಲಾವಿನ ಮೊದಲ ಪದರ ಮಧ್ಯದ ಕೋಣೆಯಲ್ಲಿ ಆಗಿದೆ. ಸುಣ್ಣದ ಹರಳಿಗೆ ನೀರು ಹಾಕಿದಾಗ ಕುದಿಯುವುದನ್ನು ದೂರದಿಂದಲೇ ಚಿತ್ರಿಸಿದ್ದೇನೆ, ಏಕೆಂದರೆ ಸಿಡಿದರೆ ಕಣ್ಣಿಗೆ ಅಪಾಯ. ಹೀಗೆ ಅರಳಿಸಿದ ಸುಣ್ಣವನ್ನು ನೀರಿನಡಿ ಇಟ್ಟು ಚೆನ್ನಾಗಿ ಹಣ್ಣಾಗಲು ಬಿಟ್ಟ ಮೇಲೆ, ಉಸುಕು ಮತ್ತು ಸುರ್ಕಿ, ಅಂದರೆ ಇಟ್ಟಿಗೆಯ ಪುಡಿ, ಬೆರೆಸಿ ಹಚ್ಚುತ್ತಾರೆ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುವುದರಿಂದ, ಅಂದರೆ ಸುಟ್ಟ ಕಲ್ಲು ಗೋಡೆಯ ಮೇಲೆ ನಿಧಾನವಾಗಿ ತನ್ನ ಹಳೆಯ ರೂಪಕ್ಕೆ ಮರಳುತ್ತದೆ. ಇದಕ್ಕೆ ಗಿಲಾವಿನಲ್ಲಿ ತುಸು ತೇವವಿರಬೇಕು, ಆದರೆ ಅದರ ಸಣ್ಣ ರಂಧ್ರಗಳೆಲ್ಲ ನೀರಿನಿಂದ ತುಂಬಿ ಹೋದರೆ ಗಾಳಿ ಒಳಗೆ ಸುಳಿಯುವುದಿಲ್ಲ. ನಮ್ಮ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಹಚ್ಚಿದ್ದರೆ ಗಿಲಾವು ಬೇಗ ಒಣಗಿ ಜಾಲದಂತೆ ಸೀಳುತ್ತಿತ್ತು. ಸುರಿಯುವ ಮಳೆಯಲ್ಲಿ ಹಚ್ಚಿದರೆ ಗಟ್ಟಿಯಾಗುವುದೇ ಇಲ್ಲ. “ಮೋಡ ಇರ್ಲಿ, ಮಳಿ ಬ್ಯಾಡ” ಎಂದು ಕಾಕಾ ಹೇಳಿದ್ದು ಇದಕ್ಕೇ. ಈ ಮಂಕು ಹವೆಯನ್ನು ಬೆಳಗಿನಿಂದ ಬೈಯುತ್ತಿದ್ದ ನನಗೆ ಈಗ ಅದನ್ನು ಬೈಯಲು ಬಾಯಿ ಬರುತ್ತಿಲ್ಲ, ಬಟ್ಟೆ ಒಣಗುವುದಿಲ್ಲ ಎಂಬುದೊಂದನ್ನು ಬಿಟ್ಟು.

ಏಣಿಯ ಮೇಲಿರುವ ಬಡಿಗೇರರು ತೊಲೆಯ ತುದಿಗೆ ದಬ್ಬಣ ಚುಚ್ಚಿ ನೋಡುತ್ತಿದ್ದಾರೆ. ನಡುವಿನಲ್ಲಿ ದಬ್ಬಣದ ಮೊನೆಯೂ ಇಳಿಯುವುದಿಲ್ಲ. ಗೋಡೆಯೊಳಗೆ ಹೂತಿರುವ ತುದಿಯಲ್ಲಿ ಮಾತ್ರ ಸಲೀಸಾಗಿ ಒಳಗೆ ಹೋಗುತ್ತದೆ. ತೊಲೆ ಕೊಳೆಯುವುದು ಸಾಮಾನ್ಯವಾಗಿ ಅಲ್ಲಿಂದಲೇ, ಏಕೆಂದರೆ ಒದ್ದೆ ಗೋಡೆಯ ತೇವ ಅಲ್ಲಿ ಆರುವುದಿಲ್ಲ. ಸೋರಿದಾಗಲೆಲ್ಲ ಹಳೆಯ ಮಣ್ಣು ತೆಗೆಯದೆ ಮೇಲೆ ಹೊಸ ಮಣ್ಣು ಸುರಿಯುತ್ತ ಹೋದದ್ದರಿಂದ ಭಾರವೂ ಏರಿದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಒಂದಡಿ ಮಣ್ಣಿದ್ದರೆ ಅದು ಒಂದು ಬ್ರಾಸ್. ನೆನೆದಾಗ ಅದರ ತೂಕ ಸುಮಾರು ಐದು ಟನ್. ಇಲ್ಲಿ ಒಂದಡಿಗಿಂತ ಹೆಚ್ಚೇ ಇದೆ. ಇಡೀ ಮಾಳಿಗೆ ಕಿತ್ತು ಆರ್‌ಸಿಸಿ ಹಾಕಿಸಿರೆಂದು ಗುತ್ತೇದಾರರು ಒತ್ತಾಯಿಸುತ್ತಿದ್ದಾರೆ. ಬೇಡವೆಂದೇ ಹೇಳಿದ್ದೆ. ತೊಲೆಯ ತುದಿ ನೋಡಿದ ಮೇಲೆ ಅಡುಗೆಮನೆಯ ಮಟ್ಟಿಗೆ ಅವರ ಮಾತು ಸರಿಯಿರಬಹುದು ಎನಿಸುತ್ತಿದೆ. ಪಡಸಾಲೆಯ ಮಟ್ಟಿಗೆ ಖಂಡಿತ ಇಲ್ಲ. ಅಲ್ಲಿ ಕೊಳೆತ ತುದಿ ಕತ್ತರಿಸಿ ಹೊಸ ಸಾಗವಾನಿ ತುಂಡು ಜೋಡಿಸಿ, ಮೇಲಿನ ಮಣ್ಣನ್ನು ಒಂದು ಗೇಣಿಗೆ ಇಳಿಸುತ್ತೇವೆ. ಮಣ್ಣು ತೆಗೆಯುವುದು ಮಳೆ ಪೂರ್ತಿ ನಿಂತ ಮೇಲೆಯೇ. ಅಲ್ಲಿಯವರೆಗೆ ತೊಲೆಯ ಕೆಳಗೆ ಕಬ್ಬಿಣದ ಆಸರೆ ನಿಂತಿರುತ್ತದೆ.

ಚಹಾ ಕುಡಿಯುತ್ತಿರುವ ಈ ದೃಶ್ಯವನ್ನು ಕತ್ತರಿಸಬೇಕೆಂದಿದ್ದೆ, ಆದರೆ ಒಂದು ಮಾತು ಹೇಳಬೇಕು. ಮಧ್ಯಾಹ್ನ ಮಳೆ ಬಂದು ಕೆಲಸ ನಿಂತರೆ ಕೂಲಿಯವರಿಗೆ ಅರ್ಧ ಹಾಜರಿ ಎಂಬುದು ಇಲ್ಲಿಯ ರೂಢಿ. ಬೆಳಿಗ್ಗೆ ಶಹಾಬಾದಿನ ಕಡೆಯಿಂದ ಬಸ್ಸು ಹಿಡಿದು ಬಂದವರಿಗೆ ಬಸ್ಸಿನ ಖರ್ಚು ಮಾತ್ರ ಅರ್ಧವಾಗುವುದಿಲ್ಲ. ಮಳೆ ಬಂದಾಗ ಒಳಗಿನ ಕೆಲಸ ಇಟ್ಟುಕೊಂಡಿರುವುದು ಗುತ್ತೇದಾರರ ಜವಾಬ್ದಾರಿ ಎಂದು ನಾನು ವಾದಿಸಿದೆ. ಸುಣ್ಣ ಸೋಸುವುದು, ಹಳೆಯ ಕಲ್ಲು ಉಜ್ಜುವುದು, ಬಾಗಿಲ ಬಣ್ಣ ಕೆರೆಯುವುದು, ಇವೆಲ್ಲ ಚಾವಣಿಯ ಕೆಳಗೇ ಆಗುವ ಕೆಲಸಗಳು. ಈಗ ಪೂರ್ತಿ ಹಾಜರಿ ಕೊಡುತ್ತಿದ್ದಾರೆ, ಅದರ ಸ್ವಲ್ಪ ಪಾಲು ನನ್ನ ಲೆಕ್ಕಕ್ಕೂ ಬಂದಿದೆ.

ನೆಲದ ಫರ್ಸಿಯನ್ನು, ಅಂದರೆ ಶಹಾಬಾದ್ ಕಲ್ಲಿನ ಹಾಸನ್ನು, ತೊಳೆಯಲು ಹುಡುಗರು ಆ್ಯಸಿಡ್ ತಂದಿದ್ದರು. ಕಾಕಾ ಓಡಿಬಂದು ಕಸಿದುಕೊಂಡರು. ಸುಣ್ಣದ ಕಲ್ಲಿನ ಮೇಲೆ ಆ್ಯಸಿಡ್ ಬಿದ್ದರೆ ನೊರೆಯೆದ್ದು ಕಲ್ಲಿನ ಮೈಯನ್ನೇ ತಿನ್ನುತ್ತದೆ, ಹೊಳಪು ಮತ್ತೆ ಬರುವುದಿಲ್ಲ. ಸಾಬೂನು ನೀರು, ತೆಂಗಿನ ನಾರು ಸಾಕು. ಬಚ್ಚಲುಮನೆಗೆ ಮಾತ್ರ ಸಿಮೆಂಟನ್ನೇ ಒಪ್ಪಿಕೊಂಡಿದ್ದೇನೆ. ಅಲ್ಲಿಯದು ನಂತರ ಕಟ್ಟಿದ ಇಟ್ಟಿಗೆಯ ಗೋಡೆ, ದಿನವೂ ನೀರು ಬೀಳುವ ಜಾಗ. ಇಷ್ಟು ಹೊತ್ತು ಸಿಮೆಂಟನ್ನು ದೂರಿ ಈಗ ಇದೇನೆಂದು ಕೇಳುವವರು ಕೇಳಿ, ಹಳೆಯ ಕಲ್ಲಿನ ಗೋಡೆಗೆ ಅದನ್ನು ಮುಟ್ಟಿಸುವುದಿಲ್ಲ. ತಾಡಪತ್ರಿಯ ಒಂದು ಮೂಲೆ ಹಾರಿದೆಯೆಂದು ಮಾಳಿಗೆಯ ಮೇಲಿನಿಂದ ಕೂಗುತ್ತಿದ್ದಾರೆ, ಕ್ಯಾಮೆರಾ ಇಲ್ಲಿಗೆ ಆರಿಸುತ್ತೇನೆ. ತೊಲೆಯ ಜೋಡಣೆ ಮುಂದಿನ ಕಂತಿನಲ್ಲಿ.