ಅಮ್ಮನ ಮನೆಯ ಫ್ರಿಜ್ ಖಾಲಿ ಮಾಡಿದ ದಿನ

ಈಗ ನೀವು ನೋಡುತ್ತಿರುವುದು ನಮ್ಮಮ್ಮನ ಫ್ರಿಜ್. ತುಮಕೂರಿನ ಮನೆ, ಜನವರಿ ತಿಂಗಳು, ಬೆಳಿಗ್ಗೆ 8 ಗಂಟೆ. ಒಂದೇ ಬಾಗಿಲಿನ ಹಳೇ ಫ್ರಿಜ್. ಮೇಲೆ ಪುಟ್ಟ ಫ್ರೀಜರ್, ಅದರ ಕೆಳಗೆ ಚಿಲ್ಲರ್ ಟ್ರೇ, ಆಮೇಲೆ ಮೂರು ಶೆಲ್ಫು, ತಳದಲ್ಲಿ ತರಕಾರಿ ಡಬ್ಬ. ಪಕ್ಕದಲ್ಲಿ ನೆಲದ ಮೇಲೆ ದೊಡ್ಡ ಪಾತ್ರೆ ಕಾಣುತ್ತಿದೆಯಲ್ಲ, ಅದರಲ್ಲಿ ನೆನೆಹಾಕಿದ ಅವರೆಕಾಳು. ನಿನ್ನೆ ಅಪ್ಪ ಮಾರ್ಕೆಟ್ಟಿನಿಂದ ಆರು ಕೆಜಿ ಕಾಯಿ ತಂದರು, ರಾತ್ರಿ ಟಿವಿ ಮುಂದೆ ಕೂತು ಮೂರೂ ಜನ ಬಿಡಿಸಿದೆವು, ನನ್ನ ಉಗುರಿನ ಸಂದಿಯಲ್ಲಿ ಸೊಗಡು ಇನ್ನೂ ಹಾಗೇ ಇದೆ. ಇವತ್ತು ಇದನ್ನು ಹಿತಕಿ ಫ್ರೀಜರಿಗೆ ಹಾಕಬೇಕು, ಯುಗಾದಿವರೆಗೂ ಸಾರಿಗೆ ಆಗುತ್ತದೆ ಅನ್ನುವುದು ಅಮ್ಮನ ಲೆಕ್ಕ.

ಆದರೆ ಫ್ರೀಜರ್ ನೋಡಿ. ಗೋಡೆಗೆಲ್ಲ ಎರಡು ಬೆರಳು ದಪ್ಪ ಐಸ್ ಕಟ್ಟಿದೆ. ಒಂದು ಲೋಟ ಇಡುವುದಕ್ಕೂ ಜಾಗ ಇಲ್ಲ.

ಅಮ್ಮ ಚಾಕು ತಂದರು. ನಾನು ತಕ್ಷಣ ಕೈ ಹಿಡಿದುಕೊಂಡೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನಾನು ಹೀಗೇ ಚಾಕು ಹಾಕಿ ಐಸ್ ಕೀಳಲು ಹೋಗಿದ್ದೆ. ಸುಯ್ ಅಂತ ಒಂದು ಸದ್ದು ಬಂತು, ಅಷ್ಟೇ. ಗ್ಯಾಸ್ ಪೂರ್ತಿ ಹೋಯಿತು. ಈ ಥರದ ಫ್ರಿಜ್‌ಗಳಲ್ಲಿ ತಣ್ಣಗೆ ಮಾಡುವ ಪೈಪು ಫ್ರೀಜರಿನ ಆ ತೆಳು ತಗಡಿನ ಗೋಡೆಯಲ್ಲೇ ಹರಿದಿರುತ್ತದೆ, ಚಾಕುವಿನ ತುದಿ ತಗುಲಿದರೆ ಸಾಕು. ರಿಪೇರಿಗೆ ಕೇಳಿದ ದುಡ್ಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಫ್ರಿಜ್ಜೇ ಬರುತ್ತಿತ್ತು. ಆ ಸದ್ದು ಇವತ್ತಿಗೂ ನನಗೆ ನೆನಪಿದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಚಾಕು ಬೇಡ, ಸ್ಕ್ರೂಡ್ರೈವರ್ ಬೇಡ, ಸೌಟೂ ಬೇಡ. ನಾಬ್ ನಡುವೆ ಇರುವ ಡಿಫ್ರಾಸ್ಟ್ ಬಟನ್ ಒತ್ತಿ, ಇಲ್ಲವೇ ಸ್ವಿಚ್ ಆಫ್ ಮಾಡಿ ಬಾಗಿಲು ತೆರೆದಿಡಿ. ಅವಸರ ಇದ್ದರೆ ಒಂದು ಬಟ್ಟಲು ಬಿಸಿನೀರು ಒಳಗೆ ಇಡಿ. ಐಸ್ ಅರ್ಧ ಸೆಂಟಿಮೀಟರ್ ದಾಟುವ ಮೊದಲೇ ಹೀಗೆ ಕರಗಿಸಿಬಿಟ್ಟರೆ ಒಳ್ಳೆಯದು, ಯಾಕೆಂದರೆ ಅದು ಕಂಬಳಿ ಇದ್ದ ಹಾಗೆ. ಪೈಪಿನ ತಂಪು ಊಟಕ್ಕೆ ತಲುಪಲು ಬಿಡುವುದಿಲ್ಲ, ಮೋಟಾರ್ ಮಾತ್ರ ಓಡುತ್ತಲೇ ಇರುತ್ತದೆ.

ನಿನ್ನೆ ರಾತ್ರಿ ನಾನು ಇನ್ನೊಂದು ಕೆಲಸ ಮಾಡಿದ್ದೆ. ನಡುವಿನ ಶೆಲ್ಫಿನಲ್ಲಿ ಒಂದು ಲೋಟ ನೀರಿಟ್ಟು ಅದರೊಳಗೆ ಥರ್ಮಾಮೀಟರ್ ಬಿಟ್ಟಿದ್ದೆ. ಜ್ವರ ನೋಡುವುದಲ್ಲ, ಫ್ರಿಜ್‌ಗೆ ಅಂತಲೇ ಸಿಗುತ್ತದೆ, ಬೆಲೆಯೂ ಜಾಸ್ತಿ ಇಲ್ಲ. ಬೆಳಿಗ್ಗೆ ನೋಡಿದರೆ 9 ಡಿಗ್ರಿ. ಇರಬೇಕಾದದ್ದು 4 ಅಥವಾ ಅದಕ್ಕಿಂತ ಕಡಿಮೆ. ಅಮ್ಮ ಚಳಿಗಾಲ ಅಂತ ನಾಬನ್ನು 1ಕ್ಕೆ ಇಟ್ಟಿದ್ದರು. ಆ ನಂಬರು ಡಿಗ್ರಿ ಅಲ್ಲ, ಎಷ್ಟು ತಂಪು ಬೇಕು ಅನ್ನುವ ಲೆಕ್ಕ ಅಷ್ಟೇ. ದೊಡ್ಡ ನಂಬರ್ ಇಟ್ಟರೆ ತಂಪು ಜಾಸ್ತಿ.

ಸರಿ, ಐಸ್ ಕರಗುವವರೆಗೆ ಒಳಗಿದ್ದದ್ದೆಲ್ಲ ಈಗ ಊಟದ ಟೇಬಲ್ ಮೇಲೆ ಬಂದಿದೆ. ಕೆಡುವಂಥದ್ದನ್ನು ಮಾತ್ರ ಒಂದೇ ಕಡೆ ಒತ್ತಾಗಿ ಜೋಡಿಸಿ, ನ್ಯೂಸ್ ಪೇಪರ್ ಸುತ್ತಿ, ಮೇಲೆ ದಪ್ಪ ಬೆಡ್‌ಶೀಟ್ ಹೊದಿಸಿದ್ದೇನೆ.

ಈ ಸ್ಟೀಲ್ ಡಬ್ಬಿ ನೋಡಿ. ಅನ್ನ. ಅಮ್ಮನಿಗೇ ನೆನಪಿಲ್ಲ ಯಾವತ್ತಿನದು ಅಂತ. ಇದರ ಬಗ್ಗೆ ಸ್ವಲ್ಪ ನಿಂತು ಮಾತಾಡುತ್ತೇನೆ.

ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ನಮ್ಮ ಮನೆಯಲ್ಲಿ ನಾಮಕರಣ ಇತ್ತು. ರಾತ್ರಿ ಅನ್ನ ತುಂಬಾ ಮಿಕ್ಕಿತು. ಎಲ್ಲರಿಗೂ ಸುಸ್ತು, ದೊಡ್ಡ ಪಾತ್ರೆಗೆ ತಟ್ಟೆ ಮುಚ್ಚಿ ಕಟ್ಟೆ ಮೇಲೇ ಬಿಟ್ಟು ಮಲಗಿದೆವು. ಬೆಳಿಗ್ಗೆ ಅದರಲ್ಲೇ ಚಿತ್ರಾನ್ನ. ಎಲ್ಲರ ಮನೆಯಲ್ಲೂ ಮಾಡುವುದೇ, ಅಲ್ವಾ? ರುಚಿ ಚೆನ್ನಾಗಿತ್ತು, ವಾಸನೆ ಏನೂ ಇರಲಿಲ್ಲ. ಹನ್ನೊಂದು ಗಂಟೆ ಹೊತ್ತಿಗೆ ಅಪ್ಪನಿಗೆ ವಾಂತಿ ಶುರುವಾಯಿತು, ಆಮೇಲೆ ನನಗೆ. ಡಾಕ್ಟರ್ ಮೊದಲು ಕೇಳಿದ್ದೇ ಅನ್ನ ಯಾವಾಗ ಮಾಡಿದ್ದು, ರಾತ್ರಿ ಎಲ್ಲಿ ಇಟ್ಟಿದ್ದಿರಿ ಅಂತ.

ವಿಷಯ ಏನು ಅಂದರೆ, ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ಅನ್ನ ಕುದಿಸಿದರೂ ಅದು ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂತರೆ ಅದು ಮೊಳೆತು ಬೆಳೆದು ಒಂದು ವಿಷ ಬಿಡುತ್ತದೆ. ಆ ವಿಷ ಒಗ್ಗರಣೆಯ ಬಿಸಿಗೂ ಹೋಗುವುದಿಲ್ಲ, ಮತ್ತೆ ಕುದಿಸಿದರೂ ಹೋಗುವುದಿಲ್ಲ. ಹಾಗಾಗಿ "ಚೆನ್ನಾಗಿ ಬಿಸಿ ಮಾಡಿದರೆ ಆಯಿತು" ಅನ್ನುವ ಮಾತು ಅನ್ನದ ವಿಷಯದಲ್ಲಿ ನಡೆಯುವುದಿಲ್ಲ. ರಾತ್ರಿಯೇ ಫ್ರಿಜ್‌ಗೆ ಹೋಗಬೇಕು, ಮಾರನೇ ದಿನವೇ ಮುಗಿಯಬೇಕು.

"ಬಿಸಿ ಇರೋದನ್ನ ಫ್ರಿಜ್ಜಿಗೆ ಇಡಬಾರದು ಕಣೇ" ಅಂತ ಅಮ್ಮ ಯಾವಾಗಲೂ ಹೇಳುತ್ತಾರೆ. ಅರ್ಧ ಸರಿ. ಹೊಗೆಯಾಡುವ ಕುಕ್ಕರನ್ನು ಹಾಗೇ ಇಟ್ಟರೆ ಪಕ್ಕದ ಹಾಲು ಮೊಸರೂ ಬೆಚ್ಚಗಾಗುತ್ತದೆ. ಆದರೆ ಪೂರ್ತಿ ಆರಲಿ ಅಂತ ಮಲಗುವವರೆಗೆ ಕಾಯುವುದು ಅದಕ್ಕಿಂತ ಕೆಟ್ಟದ್ದು. ಮಿಕ್ಕ ಅನ್ನವನ್ನು ಅಗಲ ತಟ್ಟೆಗೆ ಹರಡಿ, ಅರ್ಧ ಗಂಟೆಯಲ್ಲಿ ಆರುತ್ತದೆ, ಡಬ್ಬಿಗೆ ಹಾಕಿ ಒಳಗಿಡಿ. ಸಾರು, ಹಾಲಿನ ಪಾತ್ರೆಯನ್ನು ತಣ್ಣೀರಿನ ಬೇಸಿನ್ನಿನಲ್ಲಿ ಕೂರಿಸಿದರೆ ಬೇಗ ಆರುತ್ತದೆ. ಅಡುಗೆ ಹೊರಗೆ ಇರುವುದು ಎರಡು ಗಂಟೆ ಮೀರಬಾರದು, ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಒಂದೇ ಗಂಟೆ. ತಂಪು ಯಾವ ಬ್ಯಾಕ್ಟೀರಿಯಾವನ್ನೂ ಕೊಲ್ಲುವುದಿಲ್ಲ, ಬೆಳೆಯುವುದನ್ನು ನಿಧಾನ ಮಾಡುತ್ತದೆ ಅಷ್ಟೇ. ಆಗಲೇ ಬೆಳೆದಿರುವುದನ್ನು ಒಳಗಿಟ್ಟು ಏನೂ ಪ್ರಯೋಜನ ಇಲ್ಲ.

ಈ ಡಬ್ಬಿ ಕಸಕ್ಕೆ ಹೋಯಿತು. ಅಮ್ಮನಿಗೆ ಅನ್ನ ಚೆಲ್ಲುವುದು ಸಂಕಟ, ನನಗೂ ಸಂಕಟವೇ.

ಹಾಲಿನ ಪ್ಯಾಕೆಟ್ಟುಗಳು ಬಾಗಿಲಲ್ಲಿದ್ದವು. ಬಾಗಿಲು ಫ್ರಿಜ್ಜಿನಲ್ಲೇ ಬೆಚ್ಚಗಿನ ಜಾಗ, ತೆರೆದಾಗೆಲ್ಲ ಹೊರಗಿನ ಗಾಳಿ ಮೊದಲು ಬಡಿಯುವುದು ಅಲ್ಲಿಗೇ. ಅಲ್ಲಿ ನೀರಿನ ಬಾಟಲಿ, ಉಪ್ಪಿನಕಾಯಿ, ಸಾಸ್ ಇರಲಿ. ಈ ಥರದ ಫ್ರಿಜ್ಜಿನಲ್ಲಿ ತಂಪು ಮೇಲಿಂದ ಇಳಿಯುತ್ತದೆ, ಹಾಗಾಗಿ ಹಾಲು ಮೇಲಿನ ಶೆಲ್ಫಿಗೆ, ಒಳಗಡೆಗೆ.

ಹಸಿ ಕೋಳಿ ಎಲ್ಲಿಡುವುದು ಅಂತ ಒಂದು ಗೊಂದಲ ಇದೆ. ಎಲ್ಲರೂ ಕೆಳಗಿನ ಶೆಲ್ಫ್ ಅನ್ನುತ್ತಾರೆ, ಅದರ ನೀರು ಬೇರೆಯದರ ಮೇಲೆ ತೊಟ್ಟಿಕ್ಕಬಾರದು ಅಂತ. ಸರಿಯಾದ ಮಾತೇ. ಆದರೆ ಅಮ್ಮನ ಫ್ರಿಜ್ಜಿನಲ್ಲಿ ಮಾಂಸಕ್ಕೆ ಬೇಕಾದಷ್ಟು ತಂಪು ಇರುವುದು ಮೇಲಿನ ಚಿಲ್ಲರ್ ಟ್ರೇನಲ್ಲಿ. ಹಾಗಾಗಿ ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇಡುವುದು ಬೇಡ, ಆಳದ ಸ್ಟೀಲ್ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ ಅಲ್ಲಿ ಇಡಬಹುದು, ಒಂದು ಹನಿಯೂ ಕೆಳಗೆ ಇಳಿಯಬಾರದು. ಒಂದೆರಡು ದಿನದಲ್ಲಿ ಮಾಡದಿದ್ದರೆ ಫ್ರೀಜರಿಗೆ. ಫ್ರೀಜರಿನಿಂದ ತೆಗೆದದ್ದನ್ನು ಕಟ್ಟೆ ಮೇಲೆ ಬಿಡಬೇಡಿ, ಹಿಂದಿನ ರಾತ್ರಿಯೇ ಕೆಳಗೆ ಇಳಿಸಿ, ಫ್ರಿಜ್ಜಿನೊಳಗೇ ಕರಗಲಿ.

ಬಾಳೆಹಣ್ಣು, ಆಲೂಗಡ್ಡೆ, ಈರುಳ್ಳಿ, ಇವು ಮೂರೂ ಒಳಗೆ ಯಾಕಿದ್ದವೋ. ಬಾಳೆಹಣ್ಣಿನ ಸಿಪ್ಪೆ ಚಳಿಗೆ ಕಪ್ಪಾಗುತ್ತದೆ. ಆಲೂಗಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗಿ ತಿರುಗುತ್ತದೆ, ಕರಿದಾಗ ಬೇಗ ಕಂದಾಗುವುದು ಅದಕ್ಕೇ. ಎಲ್ಲವೂ ಹೊರಗೆ, ಗಾಳಿ ಆಡುವ ಬುಟ್ಟಿಗೆ, ಆಲೂ ಒಂದು ಕಡೆ ಈರುಳ್ಳಿ ಇನ್ನೊಂದು ಕಡೆ.

ಕೊತ್ತಂಬರಿಗೆ ಅಮ್ಮನ ಉಪಾಯವೇ ನನಗೆ ಇಷ್ಟ. ತೊಳೆಯದೆ, ಕೊಳೆತ ಎಲೆ ಆರಿಸಿ, ಅಪ್ಪನ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಡಬ್ಬಿಗೆ. ಬಟ್ಟೆ ನೀರು ಹೀರುತ್ತದೆ, ಸೊಪ್ಪು ಒಣಗುವುದೂ ಇಲ್ಲ. ಆದರೆ ಸೇಬಿನ ಪಕ್ಕದಲ್ಲಿ ಇಟ್ಟಿದ್ದರು. ಸೇಬು, ಮಾಗಿದ ಮಾವು, ಪಪ್ಪಾಯಿ ಎಥಿಲೀನ್ ಗಾಳಿ ಬಿಡುತ್ತವೆ, ಸೊಪ್ಪು ಅದಕ್ಕೇ ಬೇಗ ಹಳದಿಯಾಗುವುದು. ಹಸಿಮೆಣಸಿನಕಾಯಿಗೆ ತೊಟ್ಟು ಕಿತ್ತು ಇಡಿ. ದೋಸೆ ಹಿಟ್ಟಿನ ಪಾತ್ರೆಯಲ್ಲಿ ಮೇಲೆ ಜಾಗ ಬಿಡಿ, ತಂಪಿನಲ್ಲೂ ಹುಳಿ ಬರುವುದು ನಿಲ್ಲುವುದಿಲ್ಲ.

ಈಗ ಅವರೆಬೇಳೆ. ಹತ್ತಿರದಿಂದ ನೋಡಿ. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಜಾರಿ ಪಾತ್ರೆಗೆ ಬೀಳುತ್ತದೆ. ಅಮ್ಮ ಕಣ್ಣು ಮುಚ್ಚಿಕೊಂಡೂ ಮಾಡುತ್ತಾರೆ. ಹಿತಕಿದ್ದನ್ನು ಕುದಿಯುವ ನೀರಿಗೆ ಹಾಕಿ ಎರಡು ನಿಮಿಷ, ತಕ್ಷಣ ಐಸ್ ನೀರಿಗೆ. ಬೇಳೆಯೊಳಗಿನ ಎನ್‌ಜೈಮ್ ಚಳಿಯಲ್ಲೂ ನಿಧಾನವಾಗಿ ಕೆಲಸ ಮಾಡುತ್ತಾ ಬಣ್ಣ ರುಚಿ ಕೆಡಿಸುತ್ತದೆ, ಈ ಎರಡು ನಿಮಿಷದ ಬಿಸಿ ಅದನ್ನು ನಿಲ್ಲಿಸುತ್ತದೆ. ಆಮೇಲೆ ಬಟ್ಟೆ ಮೇಲೆ ಚೆನ್ನಾಗಿ ಆರಿಸಿ. ನೀರು ಉಳಿದರೆ ಎಲ್ಲ ಸೇರಿ ಕಲ್ಲಾಗುತ್ತದೆ.

ಒಂದೇ ದೊಡ್ಡ ಚೀಲಕ್ಕೆ ತುಂಬಬೇಡಿ. ಒಂದು ಹೊತ್ತಿನ ಸಾರಿಗೆ ಆಗುವಷ್ಟು ಒಂದೊಂದು ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಅಂಗೈ ದಪ್ಪಕ್ಕೆ ಚಪ್ಪಟೆ ಮಾಡಿ. ತೆಳ್ಳಗಿದ್ದರೆ ಬೇಗ ಗಟ್ಟಿಯಾಗುತ್ತದೆ, ಬೇಗ ಗಟ್ಟಿಯಾದರೆ ಒಳಗೆ ಐಸಿನ ಹರಳು ಸಣ್ಣಗಿರುತ್ತದೆ, ಬೇಳೆ ಮೆತ್ತಗಾಗುವುದಿಲ್ಲ. ಕಾಯಿತುರಿಯೂ ಹೀಗೇ. ಗಾಳಿ ಉಳಿದರೆ ಬೆಳ್ಳಗೆ ಒಣಗಿ ಮರದ ಹೊಟ್ಟಿನ ಥರ ಆಗುತ್ತದೆ. ಫ್ರೀಜರಿನೊಳಗೆ ಮೈನಸ್ 18 ಡಿಗ್ರಿ ಇರಬೇಕು. ಐಸ್‌ಕ್ರೀಮ್ ಇಟ್ಟರೆ ಮೆತ್ತಗೇ ಇರುತ್ತದೆ ಅನ್ನುವಂಥ ಫ್ರೀಜರ್ ನಿಮ್ಮದಾದರೆ ಯುಗಾದಿವರೆಗೆ ಕಾಯಬೇಡಿ, ತಿಂಗಳೊಳಗೆ ಮುಗಿಸಿ.

ಕರೆಂಟ್ ಹೋದಾಗ ಬಾಗಿಲು ತೆಗೆಯಬೇಡಿ, ಕೆಳಗಿನದು ನಾಲ್ಕು ಗಂಟೆ ತಡೆಯುತ್ತದೆ. ಚೆನ್ನಾಗಿ ತಣ್ಣಗಾಗಿ ತುಂಬಿರುವ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದರೆ 24. ಪುಟ್ಟ ಫ್ರೀಜರಿನಿಂದ ಅಷ್ಟು ನಿರೀಕ್ಷೆ ಬೇಡ. ಊರಿಗೆ ಹೋಗುವ ಮುಂಚೆ ಒಂದು ಬಟ್ಟಲು ನೀರನ್ನು ಐಸ್ ಮಾಡಿ ಮೇಲೆ ಒಂದು ರೂಪಾಯಿ ನಾಣ್ಯ ಇಡಿ. ವಾಪಸ್ ಬಂದಾಗ ನಾಣ್ಯ ತಳದಲ್ಲಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ, ಒಳಗಿರುವುದನ್ನು ಬಳಸಬೇಡಿ.

ಸಂಜೆ 6 ಗಂಟೆ. ಫ್ರೀಜರ್ ಒರೆಸಿ, ನಾಬ್ 3ಕ್ಕೆ ತಿರುಗಿಸಿ, ಎರಡು ಗಂಟೆ ಸುಮ್ನೆ ಓಡಲು ಬಿಟ್ಟೆವು. ಅಮ್ಮ ಒಂದೊಂದು ಕವರಿನ ಮೇಲೂ ಮಾರ್ಕರಿನಲ್ಲಿ ತಾರೀಖು ಬರೆಯುತ್ತಿದ್ದಾರೆ, ಅವರ ದುಂಡು ಅಕ್ಷರದಲ್ಲಿ ಕೆಳಗೆ "ಅವರೆ" ಅಂತಲೂ ಸೇರಿಸುತ್ತಿದ್ದಾರೆ. ಏಳು ಕವರ್ ಮೇಲೆ ಹೋದವು. ಎಂಟನೆಯದನ್ನು ಕಟ್ಟಲಿಲ್ಲ. ಅದಕ್ಕೆ ಅಪ್ಪ ಆಗಲೇ ಕಾಯಿ ತುರಿಯುತ್ತಾ ಕೂತಿದ್ದಾರೆ.