ಹದಿನೆಂಟು ದಾಳ, ಒಬ್ಬ ವೀರ: ರೋಲ್ ಪ್ಲೇಯರ್ ಆಟವನ್ನು ಒಬ್ಬರೇ ಆಡುವುದು ಹೇಗೆ?

ನಮಸ್ಕಾರ. ಮಳೆಗಾಲದಲ್ಲಿ ಕೊಡಗಿನ ಸಂಜೆ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಗಾಳಿ ಜೋರಾಯಿತು ಅಂದರೆ ಎಲ್ಲೋ ಒಂದು ಮರ ಲೈನ್ ಮೇಲೆ ಬಿತ್ತು ಅಂತಲೇ ಲೆಕ್ಕ. ಕರೆಂಟ್ ಹೋಗುತ್ತದೆ, ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಇಸ್ಪೀಟು ಆಡೋಣ ಅಂದರೆ ಜೊತೆಗೆ ಜನ ಬೇಕು. ತೋಟದ ಮನೆಗೆ ಆ ಮಳೆಯಲ್ಲಿ ಯಾರು ಬರುತ್ತಾರೆ? ಅಂಥ ಸಂಜೆಗೆ ಒಬ್ಬರೇ ಕೂತು ಆಡುವ ಒಂದು ಆಟವನ್ನು ಇವತ್ತು ತೋರಿಸುತ್ತೇನೆ. ಹೆಸರು ರೋಲ್ ಪ್ಲೇಯರ್.

(ಬಾಕ್ಸ್ ತೆರೆದು ದಾಳಗಳ ಚೀಲವನ್ನು ಮೇಜಿನ ಮೇಲೆ ಇಡುವುದು)

ಇದನ್ನು ರೂಪಿಸಿದವರು ಕೀತ್ ಮಟೆಜ್ಕಾ. 2016ರಲ್ಲಿ ಥಂಡರ್‌ವರ್ಕ್ಸ್ ಗೇಮ್ಸ್ ಇದನ್ನು ತಂದಿತು. ಒಬ್ಬರಿಂದ ನಾಲ್ಕು ಜನದವರೆಗೆ ಆಡಬಹುದು. ಒಬ್ಬರೇ ಆಡುವ ನಿಯಮ ಬಾಕ್ಸಿನ ಪುಸ್ತಕದಲ್ಲೇ ಇದೆ, ಬೇರೆ ಏನನ್ನೂ ಕೊಳ್ಳಬೇಕಾಗಿಲ್ಲ.

ಇದರಲ್ಲಿ ಯುದ್ಧ ಇಲ್ಲ, ರಾಕ್ಷಸರನ್ನು ಕೊಲ್ಲುವುದು ಇಲ್ಲ. ಒಬ್ಬ ವೀರನನ್ನೋ ವೀರಳನ್ನೋ ತಯಾರು ಮಾಡುವುದೇ ಇಡೀ ಆಟ. ಇದು ಎಲ್ಲಿಂದ ಬಂತು ಅಂತ ಸ್ವಲ್ಪ ಹೇಳುತ್ತೇನೆ, ಆಗ ಆಟದ ರುಚಿ ಗೊತ್ತಾಗುತ್ತದೆ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಅನ್ನುವ, ಆಡುವವರು ಒಂದೊಂದು ಪಾತ್ರ ವಹಿಸುವ ಆಟ ತಂದರು. ಅದರಲ್ಲಿ ಪಾತ್ರಕ್ಕೆ ಆರು ಗುಣ. ಒಂದೊಂದು ಗುಣಕ್ಕೂ ಮೂರು ದಾಳ ಹಾಕಿ ಕೂಡಬೇಕು. ಕಮ್ಮಿ ಅಂದರೆ 3, ಜಾಸ್ತಿ ಅಂದರೆ 18. ಮೂರು ದಾಳ ಬೀಳಬಹುದಾದ ಬಗೆ ಒಟ್ಟು 216. ಅದರಲ್ಲಿ 18 ಬರುವುದು ಒಂದೇ ಬಗೆಯಲ್ಲಿ. 16 ಅಥವಾ ಮೇಲೆ ಬರುವ ಬಗೆಗಳನ್ನೆಲ್ಲ ಸೇರಿಸಿದರೂ ಹತ್ತೇ. ಅಂದರೆ ಅದೃಷ್ಟವನ್ನೇ ನೆಚ್ಚಿ ಕೂತರೆ ಒಳ್ಳೆಯ ಸಂಖ್ಯೆ ಬರುವುದು ಇಪ್ಪತ್ತಕ್ಕೆ ಒಂದು ಸಲವೂ ಕಷ್ಟ.

ರೋಲ್ ಪ್ಲೇಯರ್ ಈ ಒಂದು ಹೆಜ್ಜೆಯನ್ನೇ ಎತ್ತಿಕೊಂಡು ಪೂರ್ತಿ ಆಟ ಮಾಡಿದೆ. ದಾಳ ಬಿದ್ದಂತೆ ಒಪ್ಪಿಕೊಳ್ಳಬೇಕಾಗಿಲ್ಲ, ತಿದ್ದಬಹುದು. ಎಷ್ಟು ಚೆನ್ನಾಗಿ ತಿದ್ದುತ್ತೀರಿ ಅನ್ನುವುದರ ಮೇಲೆ ನಿಮ್ಮ ವೀರ ನಿಲ್ಲುತ್ತಾನೆ.

(ಮೇಲಿನಿಂದ ಬೋರ್ಡ್)

ಬೋರ್ಡ್ ನೋಡಿ. ಆರು ಸಾಲು: ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ಆಕರ್ಷಣೆ. ಬೋರ್ಡಿನಲ್ಲಿ ಇಂಗ್ಲಿಷ್ ಹೆಸರುಗಳಿವೆ, ನಾನು ಸುಲಭಕ್ಕೆ ಹೀಗೆ ಕರೆಯುತ್ತೇನೆ. ಸಾಲಿಗೆ ಮೂರು ಮನೆ, ಒಟ್ಟು ಹದಿನೆಂಟು. ಹದಿನೆಂಟು ಅಂದ ಕೂಡಲೇ ನಮಗೆ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ನೆನಪಾಗುತ್ತದೆ, ಅಲ್ವಾ? ಈ ನೇರಳೆ ದಾಳ ಕೂಡ ಆ ದಿನ ಮಾಡುವ ಮದ್ದು ಸೊಪ್ಪಿನ ಪಾಯಸದ ಬಣ್ಣವೇ.

ಮೊದಲು ಚೀಲದಿಂದ ನೋಡದೆ ಆರು ದಾಳ ತೆಗೆದು, ಉರುಳಿಸಿ, ಇಷ್ಟ ಬಂದ ಸಾಲಿನಲ್ಲಿ ಇಡಬೇಕು. ಆಮೇಲೆ ಸುತ್ತಿಗೊಂದು ದಾಳ. ಹನ್ನೆರಡು ಸುತ್ತಿಗೆ ಬೋರ್ಡ್ ತುಂಬುತ್ತದೆ, ಆಟ ಮುಗಿಯುತ್ತದೆ. ನಿಮ್ಮ ವೀರ ಯೋಧನೋ ಮಾಂತ್ರಿಕನೋ ಅಂತ ಹೇಳುವ ವರ್ಗದ ಕಾರ್ಡು ಒಂದೊಂದು ಸಾಲಿಗೂ ಗುರಿ ಕೊಡುತ್ತದೆ. ಕೆಲವು ಸಾಲಿಗೆ ಇಷ್ಟು ಅಥವಾ ಜಾಸ್ತಿ, ಕೆಲವಕ್ಕೆ ಇಂತಿಷ್ಟರ ಒಳಗೆ ಮಾತ್ರ. ಗುರಿ ಮುಟ್ಟಿದರೆ ನಕ್ಷತ್ರ, ಅಂದರೆ ಅಂಕ. ದೊಡ್ಡ ಸಂಖ್ಯೆ ಬಂದರೆ ಸಾಕು ಅಂತ ಆಡಿದರೆ ಇಲ್ಲಿ ಕೆಲಸ ಆಗುವುದಿಲ್ಲ.

ಈಗ ಮುಖ್ಯ ವಿಷಯ. ಒಂದು ಸಾಲಿನಲ್ಲಿ ದಾಳ ಇಟ್ಟ ಕೂಡಲೇ ಆ ಸಾಲಿನ ಶಕ್ತಿ ನಿಮ್ಮ ಕೈಗೆ ಬರುತ್ತದೆ. ಬಲದಲ್ಲಿ ಇಟ್ಟರೆ ಯಾವುದಾದರೂ ಒಂದು ದಾಳವನ್ನು ತಲೆಕೆಳಗು ಮಾಡಬಹುದು. ಚುರುಕಿನಲ್ಲಿ ಇಟ್ಟರೆ ಎರಡು ದಾಳಗಳ ಜಾಗ ಅದಲುಬದಲು. ತಾಳಿಕೆಯಲ್ಲಿ ಇಟ್ಟರೆ ಒಂದು ದಾಳವನ್ನು ಒಂದಂಕಿ ಏರಿಸಬಹುದು ಅಥವಾ ಇಳಿಸಬಹುದು. ಬುದ್ಧಿಯಲ್ಲಿ ಇಟ್ಟರೆ ಒಂದನ್ನು ಮತ್ತೆ ಉರುಳಿಸಬಹುದು. ವಿವೇಕ ನಿಮ್ಮ ವೀರನ ಗುಣನಡತೆಯ ಗುರುತನ್ನು, ಅಂದರೆ ಅವನು ಒಳ್ಳೆಯವನೋ ಕೆಟ್ಟವನೋ ಅಂತ ತೋರಿಸುವ ಗುರುತನ್ನು, ಒಂದು ಮನೆ ಸರಿಸುತ್ತದೆ. ಆಕರ್ಷಣೆ ಕಾರ್ಡು ಕೊಳ್ಳುವ ಸಂತೆಯಲ್ಲಿ ಒಂದು ನಾಣ್ಯ ಕಮ್ಮಿ ಮಾಡಿಸುತ್ತದೆ.

(ಮೂರು ದಾಳ ಹತ್ತಿರದಿಂದ: 6, 5, 1)

ಒಂದು ಉದಾಹರಣೆ ನಿಧಾನವಾಗಿ ನೋಡೋಣ. ಬುದ್ಧಿಯ ಸಾಲು ತುಂಬಿದೆ: 6, 5, 1. ಒಟ್ಟು 12. ಬೇಕಾಗಿದ್ದು 16 ಅಥವಾ 17. ಈ ಸುತ್ತಿನಲ್ಲಿ ನಿಮ್ಮ ಕೈಯಲ್ಲಿ ಒಂದು 4 ಇದೆ. ಎಲ್ಲಿ ಇಡುತ್ತೀರಿ?

ತಾಳಿಕೆಯಲ್ಲಿ ಇಟ್ಟರೆ 1 ಹೋಗಿ 2 ಆಗುತ್ತದೆ. 13. ಸಾಲದು. ಚುರುಕಿನಲ್ಲಿ ಇಟ್ಟು, ಬೇರೆ ಸಾಲಿನ 5 ಜೊತೆ ಈ 1 ಬದಲಾಯಿಸಿದರೆ 16 ಆಗುತ್ತದೆ, ಆದರೆ ಆ ಸಾಲು ನಾಲ್ಕು ಕಳೆದುಕೊಳ್ಳುತ್ತದೆ. ಮತ್ತೆ ಉರುಳಿಸೋಣ ಅಂದರೆ 5 ಅಥವಾ 6 ಬೀಳಬೇಕು, ಮೂರರಲ್ಲಿ ಒಂದು ಪಾಲು ಅವಕಾಶ. ಅದೂ ಅಲ್ಲದೆ ಬುದ್ಧಿಯ ಸಾಲಿನಲ್ಲಿ ಜಾಗವೇ ಇಲ್ಲ, ಆ ಶಕ್ತಿ ಈಗ ಸಿಗುವುದಿಲ್ಲ. ಬಲದಲ್ಲಿ ಇಟ್ಟರೆ? ದಾಳದ ಎದುರು ಮುಖಗಳನ್ನು ಕೂಡಿದರೆ ಯಾವಾಗಲೂ 7. ಹಾಗಾಗಿ 1 ತಿರುಗಿದರೆ 6. ಒಟ್ಟು 17. ಯಾರ ಹತ್ತಿರವೂ ಸಾಲ ಮಾಡದೆ ಗುರಿ ಮುಟ್ಟಿತು.

ಇದನ್ನು ಒಂದು ಸಲ ಕಣ್ಣಾರೆ ನೋಡಿದ ಮೇಲೆ 1 ಬಿದ್ದಾಗ ಬೇಜಾರು ಆಗುವುದಿಲ್ಲ. 1 ಅಂದರೆ ಬಚ್ಚಿಟ್ಟ 6. ಕಿರಿಕಿರಿ ಮಾಡುವುದು 3 ಮತ್ತು 4. ಅವನ್ನು ತಿರುಗಿಸಿದರೆ ಅತ್ತ 4, ಇತ್ತ 3, ಅಷ್ಟೇ. ಅದಕ್ಕೇ ನನ್ನ ಸಲಹೆ: ಬಲದ ಮೂರು ಮನೆಗಳನ್ನು ಮೊದಲಿಗೇ ತುಂಬಿಸಿಬಿಡಬೇಡಿ. ಕೊನೆಯ ಸುತ್ತುಗಳಲ್ಲಿ ಒಂದು ಮನೆ ಖಾಲಿ ಇದ್ದರೆ ಅದೇ ಕಾಪಾಡುತ್ತದೆ.

ಇನ್ನು ಬಣ್ಣ. ದಾಳಗಳಿಗೆ ಏಳು ಬಣ್ಣ. ವರ್ಗಕ್ಕೊಂದು ಬಣ್ಣ ಇರುತ್ತದೆ, ಆ ಬಣ್ಣದ ದಾಳಕ್ಕೆ ನಕ್ಷತ್ರ. ಪೂರ್ವಕಥೆಯ ಕಾರ್ಡು ಯಾವ ಮನೆಯಲ್ಲಿ ಯಾವ ಬಣ್ಣ ಇರಬೇಕು ಅಂತ ಹೇಳುತ್ತದೆ. ಚಿನ್ನದ ಬಣ್ಣದ ದಾಳ ಇಟ್ಟರೆ ಒಂದು ನಾಣ್ಯ ಸಿಗುತ್ತದೆ. ಹೊಸಬರು ಮೊದಲು ಸಂಖ್ಯೆ ನೋಡುತ್ತಾರೆ, ಬಣ್ಣ ಆಮೇಲೆ. ಅದನ್ನು ತಿರುವು ಮುರುವು ಮಾಡಿ. ಸಂಖ್ಯೆಯನ್ನು ತಿರುಗಿಸಬಹುದು, ಏರಿಸಬಹುದು, ಮತ್ತೆ ಉರುಳಿಸಬಹುದು. ಬಣ್ಣವನ್ನು ಬದಲಿಸುವ ಶಕ್ತಿ ಈ ಆರರಲ್ಲಿ ಯಾವುದಕ್ಕೂ ಇಲ್ಲ. ಹಾಗಾಗಿ ದಾಳವನ್ನು ಬಣ್ಣ ನೋಡಿ ಇಡಿ, ಸಂಖ್ಯೆಯನ್ನು ಆಮೇಲೆ ತಿದ್ದಿಕೊಳ್ಳಿ. ಆಟದ ಅರ್ಧ ಗುಟ್ಟು ಇಷ್ಟೇ ಅಂತ ನನಗೆ ಅನಿಸುತ್ತದೆ.

ಸಂತೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾಣ್ಯ ಕೊಟ್ಟು ಆಯುಧ, ರಕ್ಷಾಕವಚ, ಕೌಶಲ, ಸ್ವಭಾವದ ಕಾರ್ಡು ಕೊಳ್ಳಬಹುದು. ಕವಚವನ್ನು ಸೆಟ್ ಮಾಡಿದರೆ ಲಾಭ. ಕೌಶಲದ ಕಾರ್ಡುಗಳು ದಾಳ ತಿದ್ದಲು ಇನ್ನೊಂದು ದಾರಿ ಕೊಡುತ್ತವೆ, ಅವನ್ನು ಬೇಗ ಕೊಂಡರೆ ಜಾಸ್ತಿ ಸಲ ಬಳಸಬಹುದು.

ಒಬ್ಬರೇ ಆಡಿದರೆ ಮಜಾ ಕಮ್ಮಿ ಆಗುತ್ತದಾ ಅಂತ ಕೇಳುವವರಿದ್ದಾರೆ. ನಾಲ್ಕು ಜನ ಇದ್ದಾಗಲೂ ಪ್ರತಿಯೊಬ್ಬರೂ ತಮ್ಮ ಬೋರ್ಡಿನ ಮೇಲೇ ಬಗ್ಗಿರುತ್ತಾರೆ. ನಿಮಗೆ ಬೇಕಾದ ದಾಳವನ್ನು ಇನ್ನೊಬ್ಬರು ಎತ್ತಿಕೊಳ್ಳುವ ಚುರುಕು ಒಬ್ಬರ ಆಟದಲ್ಲಿ ಸಿಗುವುದಿಲ್ಲ, ನಿಜ. ಅದರ ಬದಲಿಗೆ ಸಿಗುವುದು ಸಮಯ. ಒಂದು 4 ಹಿಡಿದುಕೊಂಡು ನಾಲ್ಕು ಸಾಲಿನಲ್ಲೂ ಇಟ್ಟು ನೋಡಬಹುದು. ಎಲ್ಲರೂ ಕಾಯುತ್ತಿದ್ದರೆ ಹಾಗೆ ಯೋಚಿಸಲು ಸಂಕೋಚ ಆಗುತ್ತದೆ. ಈ ಆಟದ ಸೊಗಸು ಆ ಯೋಚನೆಯಲ್ಲೇ ಇರುವುದರಿಂದ, ಕಲಿಯುವುದಕ್ಕೆ ಒಬ್ಬರೇ ಆಡುವುದೇ ಒಳ್ಳೆಯದು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಬಾಕ್ಸ್ ಇಲ್ಲದವರೂ ಇವತ್ತೇ ರುಚಿ ನೋಡಬಹುದು. ಮನೆಯಲ್ಲಿರುವ ಲೂಡೋ ದಾಳ ಒಂದು ಸಾಕು. ಹಾಳೆಯಲ್ಲಿ ಆರು ಸಾಲು, ಮೂರು ಮನೆ ಗೆರೆ ಹಾಕಿ. ಸಾಲಿಗೊಂದು ಗುರಿ ಬರೆಯಿರಿ. ಉರುಳಿಸಿದ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಬರೆದು, ಮೊದಲ ನಾಲ್ಕು ಶಕ್ತಿಗಳನ್ನು ಬಳಸಿ ತಿದ್ದುತ್ತಾ ಹೋಗಿ. ಬಣ್ಣ, ಸಂತೆ ಏನೂ ಇರುವುದಿಲ್ಲ. ಆದರೂ ತಿದ್ದುವ ಖುಷಿ ಎಂಥದ್ದು ಅಂತ ಗೊತ್ತಾಗುತ್ತದೆ.

(ಕತ್ತಲ ಕೋಣೆ, ಎಮರ್ಜೆನ್ಸಿ ಲೈಟ್)

ನಮ್ಮ ಕಡೆಯವರಿಗೆ ಎರಡು ಮಾತು. ಕರೆಂಟ್ ಇಲ್ಲದಾಗ ಆಡುವುದಾದರೆ ಬಿಳಿ ಬೆಳಕಿನ ಲೈಟ್ ಇಟ್ಟುಕೊಳ್ಳಿ. ಮೇಣದಬತ್ತಿಯ ಬೆಳಕಿನಲ್ಲಿ ನೀಲಿ, ನೇರಳೆ, ಕಪ್ಪು ಮೂರೂ ಒಂದೇ ಥರ ಕಾಣುತ್ತವೆ, ನೋಡಿ. ಬಣ್ಣ ತಪ್ಪಿದರೆ ಲೆಕ್ಕವೇ ತಪ್ಪಿತು. ಇನ್ನೊಂದು ಬೂಷ್ಟು. ಜುಲೈನಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಯಾವುದನ್ನೂ ಬಿಡದ ಬೂಷ್ಟು ಕಾರ್ಡುಗಳನ್ನು ಬಿಡುತ್ತದಾ? ಕಾರ್ಡುಗಳಿಗೆ ಪ್ಲಾಸ್ಟಿಕ್ ಕವರ್ ಹಾಕಿ. ಶೂ ಬಾಕ್ಸಿನಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯದೆ ಈ ಬಾಕ್ಸಿನೊಳಗೆ ಇಡಿ. ಮಳೆ ಬಿಟ್ಟ ದಿನ ಒಮ್ಮೆ ತೆರೆದು ಗಾಳಿಯಾಡಿಸಿ. ದಾಳಗಳಿಗೆ ಏನೂ ಆಗುವುದಿಲ್ಲ, ರಟ್ಟಿನ ಬೋರ್ಡುಗಳು ಮಾತ್ರ ಬಗ್ಗುತ್ತವೆ.

ಮಾನ್‌ಸ್ಟರ್ಸ್ ಆಂಡ್ ಮಿನಿಯನ್ಸ್ ಅನ್ನುವ ವಿಸ್ತರಣೆಯೂ ಇದೆ. ಅದರಲ್ಲಿ ತಯಾರಾಗುತ್ತಿರುವ ವೀರ ಹೋರಾಡಲೂ ಹೋಗುತ್ತಾನೆ, ಐದನೆಯವರೂ ಆಡಬಹುದು. ಅದಕ್ಕೆ ದುಡ್ಡು ಹಾಕುವ ಮೊದಲು ಮೂಲ ಆಟವನ್ನು ಬೇರೆ ಬೇರೆ ವರ್ಗದಲ್ಲಿ ಆಡಿ ನೋಡಿ. ನಿಮ್ಮ ಮೊದಲ ವೀರನ ಆರು ಸಾಲಿನ ಮೊತ್ತ ಎಷ್ಟೆಷ್ಟು ಬಂತು, ಯಾವ ಸಾಲು ಕೈಕೊಟ್ಟಿತು ಅಂತ ಕಾಮೆಂಟಿನಲ್ಲಿ ಬರೆಯಿರಿ. ಮುಂದಿನ ವಿಡಿಯೋದಲ್ಲಿ ಅಂಥ ಒಂದೆರಡು ಬೋರ್ಡುಗಳನ್ನು ಹೀಗೇ ಮೇಜಿನ ಮೇಲೆ ಜೋಡಿಸಿ, ಎಲ್ಲಿ ತಿದ್ದಬಹುದಿತ್ತು ಅಂತ ಒಟ್ಟಿಗೆ ನೋಡೋಣ.